ಕಿತ್ತೂರು ಚೆನ್ನಮ್ಮ ಅಳಲೇ ಇಲ್ಲವೇ? ಮಗು ಕಳೆದುಕೊಂಡ ತಾಯಿಗೆ ಈ ಹೋಲಿಕೆ ಸರಿಯೇ?

ಮಗ ಹೋದರೂ ಚೆನ್ನಮ್ಮ ಕತ್ತಿ ಹಿಡಿದಳು, ಹೊಟ್ಟೆಯಲ್ಲೇ ಹೋದ ಕೂಸಿಗೆ ನೀನೇಕೆ ಇಷ್ಟು ಅಳುತ್ತೀ ಎಂದು ಯಾರಾದರೂ ಬುದ್ಧಿ ಹೇಳಿದರೆ ನಂಬಬೇಕೇ? ಮೊದಲು ಚೆನ್ನಮ್ಮನವರ ಬದುಕನ್ನು ನೋಡೋಣ.

1778ರಲ್ಲಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮ, ಕಿತ್ತೂರಿನ ದೊರೆ ಮಲ್ಲಸರ್ಜನ ಕಿರಿಯ ರಾಣಿಯಾದರು. ಪೇಶ್ವೆಯ ಸೆರೆಯಲ್ಲಿ ನಲುಗಿದ ಪತಿ 1816ರಲ್ಲಿ ತೀರಿಕೊಂಡರು. ಚೆನ್ನಮ್ಮನವರು ಹೆತ್ತ ಮಗನೂ ಉಳಿಯಲಿಲ್ಲ. ಇಲ್ಲೊಂದು ಗೊಂದಲವಿದೆ. 1824ರ ಸೆಪ್ಟೆಂಬರ್‌ನಲ್ಲಿ ತೀರಿಹೋದ ಶಿವಲಿಂಗರುದ್ರಸರ್ಜ ಅವರ ಹೊಟ್ಟೆಯ ಮಗನಲ್ಲ, ಹಿರಿಯ ರಾಣಿ ರುದ್ರಮ್ಮನವರ ಮಗ. ಎಷ್ಟೋ ಫಾರ್ವರ್ಡ್‌ಗಳು ಎರಡೂ ಸಾವನ್ನು ಒಂದೇ ಮಾಡಿಬಿಡುತ್ತವೆ.

ದತ್ತು ಮಗುವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಯುದ್ಧ ನಡೆದು ಥ್ಯಾಕರೆ ಸತ್ತ. ಸಾವಿಗೂ ಯುದ್ಧಕ್ಕೂ ನಡುವೆ ಸಿಕ್ಕಿದ್ದು ಸುಮಾರು ಆರು ವಾರ. ದುಃಖ ಇರಲಿಲ್ಲ ಎಂದಲ್ಲ, ದುಃಖಿಸಲು ಬಿಡುವೇ ಇರಲಿಲ್ಲ ಎನ್ನುವುದು ನಮ್ಮ ಓದು. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಸೊಸೆ ವೀರವ್ವನವರ ಜೊತೆ ಬೈಲಹೊಂಗಲದಲ್ಲಿ ಸೆರೆಯಾದ ಚೆನ್ನಮ್ಮ, ನಾಲ್ಕು ವರ್ಷದ ಮೇಲೆ, 1829ರ ಫೆಬ್ರುವರಿಯಲ್ಲಿ ಅಲ್ಲೇ ಕೊನೆಯುಸಿರೆಳೆದರು. ಸಮಾಧಿಯೂ ಅಲ್ಲೇ ಇದೆ. ಮಗ, ಗಂಡ, ರಾಜ್ಯ ಎಲ್ಲ ಕಳೆದುಕೊಂಡ ಆ ನಾಲ್ಕು ವರ್ಷವನ್ನು ಫಾರ್ವರ್ಡ್‌ಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಯುದ್ಧದ ಚೆನ್ನಮ್ಮನನ್ನಷ್ಟೇ ನೋಡಿ ಅವರು ಅಳಲಿಲ್ಲ ಎನ್ನಲು ಯಾವ ಆಧಾರವೂ ಇಲ್ಲ.

ಇನ್ನು ಇಂದಿನ ತಾಯಿಯ ಮಾತು. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ. ಅವಳು ಎತ್ತಿದ ಕೊಡವೂ ಅಲ್ಲ, ಗ್ರಹಣವೂ ಅಲ್ಲ. ಮಗುವಿನ ಮುಖ ನೋಡದಿದ್ದರೂ ದುಃಖ ನಿಜವೇ. ಬೇಗ ಇನ್ನೊಂದು ಹಡೆದರೆ ಸರಿಹೋಗುತ್ತದೆ ಎನ್ನುವುದು ಸಾಂತ್ವನವಲ್ಲ. ಪಕ್ಕದಲ್ಲಿ ಕುಳಿತು, ಅವಳು ಹೇಳಿದ್ದನ್ನು ಕೇಳಿಸಿಕೊಂಡರೆ ಅದೇ ದೊಡ್ಡ ಆಸರೆ. ಗಂಡನಿಗೂ ನೋವಿರುತ್ತದೆ, ಅವನನ್ನು ಯಾರೂ ಕೇಳುವುದಿಲ್ಲ ಅಷ್ಟೇ.

ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಪ್ತಿಯ ಕೆಲಸದಲ್ಲಿರುವವರಿಗೆ ಗರ್ಭಪಾತದ ನಂತರ ಆರು ವಾರ ಸಂಬಳಸಹಿತ ರಜೆ ಇದೆ. ವೈದ್ಯರ ಪ್ರಮಾಣಪತ್ರ ಕೊಡಬೇಕು.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದೆ, ತನ್ನದೇ ತಪ್ಪು ಎಂಬ ಕೊರಗು ಬಿಡದಿದ್ದರೆ ವೈದ್ಯರನ್ನು ಕಾಣಿ. ಸಾಯಬೇಕೆಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ರಾಮದುರ್ಗದ ಹಳ್ಳಿಯಿಂದಲೂ.