ಕಾರಿನ ಬ್ರೇಕ್‌ಗೆ ಚರ್ಮ ಹೊಡೆಸಿದ ಬರ್ತಾ ಬೆಂಜ್: ಗಂಡನಿಗೂ ಹೇಳದೆ ಹೊರಟ ಆ ಪ್ರಯಾಣದ ಕಥೆ

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಹಳೆಯ ಕಾರಿನ ಹುಚ್ಚು ಹೊಸದಲ್ಲ. ಅಹಮದಾಬಾದ್ ಹೊರವಲಯದ ಕಠವಾಡಾದಲ್ಲಿ ವಿಂಟೇಜ್ ಕಾರುಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ. ವಡೋದರಾದ ಲಕ್ಷ್ಮಿ ವಿಲಾಸ ಅರಮನೆಯ ಅಂಗಳದಲ್ಲಿ 2023ರ ಜನವರಿಯಲ್ಲಿ ದೇಶದ ನಾನಾ ಕಡೆಯ ಹಳೆಯ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಅರಮನೆಯ ಕಾರುಗಳ ಮಾತು ಬಿಡಿ, ಸಾಮಾನ್ಯರೂ ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕೊಂಡು ಮನೆಯ ಶೆಡ್ಡಿನಲ್ಲೇ ರಿಪೇರಿಗೆ ಕೂರುತ್ತಾರೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ಬಹುತೇಕರ ಕೈ ಹೋಗುವುದು ಬ್ರೇಕ್ ಕಡೆಗೆ. ಓಡುವ ಕಾರು ನಿಲ್ಲಲೂ ಬೇಕಲ್ಲ!

ಮನೆಯವರೇ ಕಟ್ಟಿದ ಕಾರಿನ ಬ್ರೇಕ್ ಸಾಲದು ಎಂದು ಕಂಡು, ಅದನ್ನು ದಾರಿಯಲ್ಲೇ ಸುಧಾರಿಸಿದ ಮೊದಲ ವ್ಯಕ್ತಿ ಎಂದು ಜಗತ್ತು ನೆನೆಯುವುದು ಒಬ್ಬ ಮಹಿಳೆಯನ್ನು. ಆಕೆ ಎಂಜಿನಿಯರ್ ಆಗಿರಲಿಲ್ಲ. ಗ್ಯಾರೇಜ್ ಎನ್ನುವುದೇ ಆಗ ಹುಟ್ಟಿರಲಿಲ್ಲ. ಆಕೆಯೇ ಜರ್ಮನಿಯ ಬರ್ತಾ ಬೆಂಜ್.

ಬಡಗಿಯ ಮಗಳು

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ದಕ್ಷಿಣ ಜರ್ಮನಿಯ ಫೋರ್ಜ್‌ಹೈಮ್ ಪಟ್ಟಣದಲ್ಲಿ. ತಂದೆ ಕಾರ್ಲ್ ಫ್ರೆಡ್ರಿಕ್ ರಿಂಗರ್ ಮರಗೆಲಸ ಮತ್ತು ಕಟ್ಟಡ ನಿರ್ಮಾಣದಿಂದ ಅನುಕೂಲಸ್ಥರಾದವರು. ಮಗಳು ಹುಟ್ಟಿದಾಗ, ಮತ್ತೆ ಹೆಣ್ಣೇ ಆಯಿತಲ್ಲ ಎಂಬ ಬೇಸರವನ್ನು ಮನೆಯ ಬೈಬಲ್‌ನಲ್ಲಿ ಬರೆದಿಟ್ಟಿದ್ದರಂತೆ. ಮುಂದೊಂದು ದಿನ ಆ ಬರಹ ಕಣ್ಣಿಗೆ ಬಿದ್ದು ಬರ್ತಾ ನೊಂದುಕೊಂಡರು ಎಂದು ಕುಟುಂಬದವರು ಹೇಳಿಕೊಂಡು ಬಂದಿದ್ದಾರೆ.

ಯಂತ್ರಗಳೆಂದರೆ ಬರ್ತಾಗೆ ಚಿಕ್ಕಂದಿನಿಂದಲೂ ಕುತೂಹಲ. ಆದರೆ ಅವರಿದ್ದ ಬಾಡೆನ್ ಪ್ರಾಂತ್ಯದಲ್ಲಿ ವಿಶ್ವವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ಪೂರ್ತಿ ತೆರೆದದ್ದು 1900ರಲ್ಲಿ. ಅಷ್ಟರಲ್ಲಿ ಬರ್ತಾಗೆ 50 ದಾಟಿತ್ತು.

ಬಳುವಳಿಯ ಹಣ ವರ್ಕ್‌ಶಾಪಿಗೆ

ಕಾರ್ಲ್ ಬೆಂಜ್ ಪರಿಚಯವಾದಾಗ ಅವರು ಕೈಯಲ್ಲಿ ಕಾಸಿಲ್ಲದ ಯುವ ಎಂಜಿನಿಯರ್. ಕುದುರೆ ಇಲ್ಲದೆ ಓಡುವ ಗಾಡಿ ಮಾಡಬೇಕೆಂಬ ಕನಸು ಮಾತ್ರ ಇತ್ತು. 1871ರಲ್ಲಿ ಮ್ಯಾನ್‌ಹೈಮ್ ನಗರದಲ್ಲಿ ಆಗಸ್ಟ್ ರಿಟ್ಟರ್ ಎಂಬ ಪಾಲುದಾರರ ಜೊತೆ ವರ್ಕ್‌ಶಾಪ್ ತೆರೆದರು. ಪಾಲುದಾರಿಕೆ ಹೆಚ್ಚು ಕಾಲ ನಡೆಯಲಿಲ್ಲ. ರಿಟ್ಟರ್ ಪಾಲನ್ನು ಕೊಂಡುಕೊಳ್ಳದಿದ್ದರೆ ವರ್ಕ್‌ಶಾಪೇ ಕೈಬಿಟ್ಟು ಹೋಗುತ್ತಿತ್ತು.

ಆಗ ಮುಂದೆ ಬಂದವರು ಬರ್ತಾ. ಇನ್ನೂ ಮದುವೆಯಾಗಿರಲಿಲ್ಲ, ಬರೀ ನಿಶ್ಚಿತಾರ್ಥವಾಗಿತ್ತು. ತವರಿನಿಂದ ಬರಬೇಕಿದ್ದ ಬಳುವಳಿಯನ್ನು ಮೊದಲೇ ಕೇಳಿ ಪಡೆದು ವರ್ಕ್‌ಶಾಪಿಗೆ ಸುರಿದರು. 1872ರ ಜುಲೈ 20ರಂದು ಇಬ್ಬರ ಮದುವೆಯಾಯಿತು. ಅಂದಿನ ಕಾನೂನಿನಂತೆ ಮದುವೆಯಾದ ಹೆಣ್ಣಿನ ಹಣ, ವ್ಯವಹಾರ ಎಲ್ಲವೂ ಗಂಡನ ಹತೋಟಿಗೆ ಹೋಗುತ್ತಿತ್ತು. ಬಂಡವಾಳ ಹಾಕಿದವರು ಬರ್ತಾ, ಆದರೆ ಕಾಗದಪತ್ರಗಳಲ್ಲಿ ಅವರ ಹೆಸರಿಗೆ ಜಾಗವಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಮಕ್ಕಳು ಹುಟ್ಟಿದರು, ಸಾಲವೂ ಬೆಳೆಯಿತು. ಕಾರ್ಲ್ ಹಗಲಿರುಳು ಎಂಜಿನ್ ಜೊತೆ ಗುದ್ದಾಡುತ್ತಿದ್ದರು. 1879ರ ಡಿಸೆಂಬರ್ 31ರ ರಾತ್ರಿ ಊಟವಾದ ಮೇಲೆ, ಇನ್ನೊಂದು ಸಲ ನೋಡೋಣ ಎಂದು ಗಂಡನನ್ನು ವರ್ಕ್‌ಶಾಪಿಗೆ ಎಬ್ಬಿಸಿಕೊಂಡು ಹೋದವರು ಬರ್ತಾ. ಅಂದು ರಾತ್ರಿ ಎಂಜಿನ್ ಓಡಿತು. 1883ರಲ್ಲಿ ಬೆಂಜ್ ಕಂಪನಿ ಶುರುವಾಯಿತು. 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಕಾರ್ಲ್ ಪೇಟೆಂಟ್ ಅರ್ಜಿ ಹಾಕಿದರು. ಮೋಟಾರು ಕಾರಿನ ಜನ್ಮದಿನ ಎಂದು ಜಗತ್ತು ಗುರುತಿಸುವುದು ಇದೇ ದಿನವನ್ನು.

ಕಾರು ತಯಾರಾಯಿತು, ಕೊಳ್ಳುವವರಿಲ್ಲ!

ಪೇಟೆಂಟ್ ಬಂತು, ಪತ್ರಿಕೆಗಳಲ್ಲಿ ಸುದ್ದಿಯೂ ಬಂತು. ಆದರೆ ಗಾಡಿ ಕೊಳ್ಳಲು ಜನ ಬರಲಿಲ್ಲ. ಸದ್ದು ಮಾಡುತ್ತಾ, ಹೊಗೆ ಉಗುಳುತ್ತಾ ಬೀದಿಯಲ್ಲಿ ನಾಲ್ಕು ಸುತ್ತು ಹಾಕುವ ಯಂತ್ರವನ್ನು ಯಾರು ನಂಬುತ್ತಾರೆ? ಕಾರ್ಲ್ ಸ್ವಭಾವವೂ ಅಂಥದ್ದೇ. ಎಲ್ಲವೂ ಸರಿಹೋಗುವವರೆಗೆ ಹೊರಗೆ ತರಬಾರದು ಎನ್ನುವ ಜಾತಿ. ಮಾರುವ ಕಲೆ ಅವರಿಗೆ ಗೊತ್ತಿರಲಿಲ್ಲ.

ನೆನಪಿರಲಿ, ಇದು 1888. ರೈಲು ಅಹಮದಾಬಾದ್ ತಲುಪಿ ಎರಡು ದಶಕ ಕಳೆದಿದ್ದರೂ ಊರೊಳಗೆ ಓಡುತ್ತಿದ್ದದ್ದು ಎತ್ತಿನ ಗಾಡಿ, ಕುದುರೆ ಗಾಡಿಗಳೇ. ತಾಂತ್ರಿಕ ಶಿಕ್ಷಣ ಕೊಡಲು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕ್ವಾಡ್ ಕಲಾಭವನ ಆರಂಭಿಸಿದ್ದೂ ಇನ್ನೆರಡು ವರ್ಷದ ನಂತರ, 1890ರಲ್ಲಿ. ಯುರೋಪಿನಲ್ಲೂ ರಸ್ತೆಗಳು ಕುದುರೆಗಳದ್ದೇ ಆಗಿದ್ದವು. ಪೆಟ್ರೋಲ್ ಬಂಕ್ ಇಲ್ಲ, ಮೆಕ್ಯಾನಿಕ್ ಇಲ್ಲ, ದಾರಿ ತೋರುವ ಫಲಕವೂ ಅಪರೂಪ.

ಬೆಳಗಿನ ಜಾವ ಹೊರಟ ಮೂವರು

1888ರ ಆಗಸ್ಟ್ ಆರಂಭದ ಒಂದು ಬೆಳಗಿನ ಜಾವ. 39 ವರ್ಷದ ಬರ್ತಾ, ಮಕ್ಕಳಾದ ಯೂಗೆನ್ ಮತ್ತು ರಿಚರ್ಡ್‌ರನ್ನು ಜೊತೆಗೆ ಕರೆದುಕೊಂಡು ಗಾಡಿಯನ್ನು ಹೊರಗೆ ತಂದರು. ಕಾರ್ಲ್ ಇನ್ನೂ ಮಲಗಿದ್ದರು. ಅವರಿಗೆ ವಿಷಯ ಹೇಳಿರಲಿಲ್ಲ. ಹೊರಟದ್ದು ಫೋರ್ಜ್‌ಹೈಮ್‌ನಲ್ಲಿದ್ದ ತವರಿಗೆ. ದೂರ 100 ಕಿಲೋಮೀಟರ್‌ಗೂ ಹೆಚ್ಚು. ಮೋಟಾರು ಗಾಡಿಯಲ್ಲಿ ಅಷ್ಟು ದೂರ ಅದುವರೆಗೆ ಯಾರೂ ಹೋಗಿರಲಿಲ್ಲ.

ದಾರಿಯುದ್ದಕ್ಕೂ ಒಂದಲ್ಲ ಒಂದು ತೊಂದರೆ. ಇಂಧನ ಮುಗಿಯುತ್ತಾ ಬಂದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಗೆ ಹೋಗಿ ಲಿಗ್ರೋಯಿನ್ ಕೊಂಡರು. ಇದು ಪೆಟ್ರೋಲ್ ಜಾತಿಯ ದ್ರವ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದದ್ದು. ಆ ಅಂಗಡಿಯನ್ನೇ ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಚುಚ್ಚಿದ್ದ ಪಿನ್ನಿನಿಂದ ಬಿಡಿಸಿದರು. ವಿದ್ಯುತ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಕಟ್ಟುವ ಪಟ್ಟಿಯನ್ನೇ ಸುತ್ತಿದರು. ಚೈನು ಕೈಕೊಟ್ಟಾಗ ಬ್ರೂಖ್‌ಸಾಲ್‌ನ ಕಮ್ಮಾರರಿಂದ ಸರಿಮಾಡಿಸಿದರು. ಎಂಜಿನ್ ತಣಿಸಲು ಸಿಕ್ಕಲ್ಲೆಲ್ಲ ನೀರು ತುಂಬಿಸಿದರು. ಏರು ಬಂದಾಗ ಇಳಿದು ತಳ್ಳಿದರು.

ಏರಿಗಿಂತ ಇಳಿಜಾರೇ ಕಷ್ಟ

ಏರಿನಲ್ಲಿ ಗಾಡಿ ನಿಂತರೆ ತಳ್ಳಬಹುದು. ಇಳಿಜಾರಿನಲ್ಲಿ ನಿಲ್ಲದಿದ್ದರೆ ಏನು ಮಾಡುವುದು? ಆ ಗಾಡಿಯ ಬ್ರೇಕ್ ಎಂದರೆ ಮರದ ತುಂಡುಗಳು. ಸನ್ನೆ ಎಳೆದರೆ ಅವು ತಿರುಗುವ ಚಕ್ರಕ್ಕೆ ಒತ್ತಿ, ಉಜ್ಜಿ, ವೇಗ ತಗ್ಗಿಸುತ್ತಿದ್ದವು. ಕುದುರೆ ಗಾಡಿಗಳಿಂದ ಬಂದ ಹಳೆಯ ಪದ್ಧತಿ ಇದು. ಆದರೆ ಕುದುರೆ ಗಾಡಿಯಲ್ಲಿ ಬ್ರೇಕ್ ಜೊತೆಗೆ ಕುದುರೆಯೂ ಹಿಡಿದು ನಿಲ್ಲಿಸುತ್ತದೆ. ಮೋಟಾರು ಗಾಡಿಯಲ್ಲಿ ಇಡೀ ಭಾರ ಮರದ ತುಂಡುಗಳ ಮೇಲೆಯೇ ಬೀಳುತ್ತಿತ್ತು.

ಬ್ರೇಕ್ ಮಾಡುವ ಕೆಲಸ ಇಷ್ಟೇ: ಓಡುವ ಗಾಡಿಯ ಚಲನೆಯನ್ನು ಉಜ್ಜಿ ಶಾಖವಾಗಿ ಬದಲಿಸುವುದು. ಮರಕ್ಕೆ ಆ ಶಾಖ ತಡೆಯುವ ಶಕ್ತಿ ಕಡಿಮೆ. ಬಿಸಿಯಾದಂತೆ ಸುಟ್ಟು ನುಣುಪಾಗುತ್ತದೆ, ಸವೆಯುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಗುಡ್ಡಗಾಡಿನ ಇಳಿಜಾರುಗಳಲ್ಲಿ ಆದದ್ದೂ ಅದೇ. ಪಕ್ಕದಲ್ಲಿ ಇಬ್ಬರು ಮಕ್ಕಳು, ಎದುರಿಗೆ ಇಳಿಯುವ ರಸ್ತೆ, ಕೈಯಲ್ಲಿ ಹಿಡಿತ ತಪ್ಪುತ್ತಿರುವ ಬ್ರೇಕ್.

ಫೋರ್ಜ್‌ಹೈಮ್ ಸಮೀಪದ ಬೌಶ್ಲೋಟ್ ಹಳ್ಳಿಯಲ್ಲಿ ಬರ್ತಾ ಬೂಟು ಹೊಲಿಯುವವರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಬ್ರೇಕಿನ ಮರದ ತುಂಡುಗಳ ಮೇಲೆ ಚರ್ಮ ಹೊಡೆಯಲು ಹೇಳಿದರು. ಬೂಟಿನ ಅಟ್ಟೆಗೆ ಚರ್ಮ ಹೊಡೆದಷ್ಟೇ ಸರಳ ಕೆಲಸ. ಚರ್ಮ ಮರಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಸವೆದರೆ ಅದನ್ನಷ್ಟೇ ಬದಲಿಸಿದರಾಯಿತು, ಇಡೀ ಬ್ರೇಕ್ ಬಿಚ್ಚಬೇಕಿಲ್ಲ. ಸವೆಯುವ ಭಾಗವನ್ನು ಬೇರೆ ಮಾಡಿ, ಬದಲಿಸಲು ಬರುವಂತೆ ಇಡುವ ಈ ಉಪಾಯವೇ ಇಂದಿನ ಬ್ರೇಕ್ ಲೈನಿಂಗ್, ಬ್ರೇಕ್ ಪ್ಯಾಡ್‌ಗಳ ಮೂಲ.

ಕತ್ತಲಾಗುವ ಹೊತ್ತಿಗೆ ಫೋರ್ಜ್‌ಹೈಮ್ ತಲುಪಿದ ಬರ್ತಾ ಗಂಡನಿಗೆ ಟೆಲಿಗ್ರಾಂ ಕಳಿಸಿದರು. ಕೆಲವು ದಿನ ಅಲ್ಲಿದ್ದು ಅದೇ ಗಾಡಿಯಲ್ಲಿ ಮ್ಯಾನ್‌ಹೈಮ್‌ಗೆ ಮರಳಿದರು.

ಪ್ರಯಾಣದಿಂದ ಏನಾಯಿತು?

ಬರ್ತಾ ತಂದದ್ದು ಬರೀ ಸುದ್ದಿಯಲ್ಲ, ಸರಿಮಾಡಬೇಕಾದ ಕೆಲಸಗಳ ಪಟ್ಟಿ. ಏರು ಹತ್ತಲು ಇನ್ನೊಂದು ಗೇರ್ ಬೇಕು, ಬ್ರೇಕ್‌ಗೆ ಒಳ್ಳೆಯ ಹಿಡಿತ ಬೇಕು ಎಂಬುದು ವರ್ಕ್‌ಶಾಪಿನಲ್ಲಿ ಕೂತವರಿಗೆ ಹೊಳೆಯುವ ಮಾತಾಗಿರಲಿಲ್ಲ. ರಸ್ತೆಗಿಳಿದವರಿಗೆ ಮಾತ್ರ ಗೊತ್ತಾಗುವಂಥದ್ದು. ಕಾರ್ಲ್ ಅದನ್ನು ಒಪ್ಪಿಕೊಂಡು ಗಾಡಿಯನ್ನು ಸುಧಾರಿಸಿದರು. ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು. ಹತ್ತೇ ವರ್ಷಗಳಲ್ಲಿ ಬೆಂಜ್ ಕಂಪನಿ ಜಗತ್ತಿನ ದೊಡ್ಡ ಕಾರು ತಯಾರಕರ ಸಾಲಿಗೆ ಸೇರಿತು.

ಚರ್ಮದಿಂದ ಡಿಸ್ಕ್‌ವರೆಗೆ

ಚರ್ಮದ ಕಾಲ ಹೆಚ್ಚು ದಿನ ಉಳಿಯಲಿಲ್ಲ. ಕಾರುಗಳ ವೇಗ ಹೆಚ್ಚಿದಂತೆ ಶಾಖವೂ ಹೆಚ್ಚಿತು. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ತಮ್ಮ ಮನೆಯ ತೋಟದ ಶೆಡ್ಡಿನಲ್ಲಿ ಬ್ರೇಕ್‌ಗೆ ಬೇಕಾದ ವಸ್ತುಗಳ ಪ್ರಯೋಗ ಶುರುಮಾಡಿದರು. 1902ರಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕ್‌ಗೆ ಪೇಟೆಂಟ್ ಪಡೆದರು. ಮುಂದೆ ಕಲ್ನಾರಿನ ಲೈನಿಂಗ್ ಬಂತು. ಅದರ ಧೂಳಿನಿಂದ ಕ್ಯಾನ್ಸರ್ ಬರುತ್ತದೆ ಎಂದು ತಿಳಿದ ಮೇಲೆ ಹಲವು ದೇಶಗಳು ಅದನ್ನು ಕೈಬಿಟ್ಟವು. ವಸ್ತು ಬದಲಾಯಿತು, ಸವೆಯುವ ಪದರವನ್ನು ಬೇರೆಯಾಗಿ ಕೂರಿಸುವ ಉಪಾಯ ಹಾಗೇ ಉಳಿಯಿತು.

ಮನೆಯಲ್ಲೇ ಹಳೆಯ ಕಾರಿನ ಬ್ರೇಕ್ ಬದಲಿಸಲು ಹೊರಟವರು ಒಂದು ವಿಷಯ ಗಮನಿಸಬೇಕು. ಬರ್ತಾ ಕಾಲದ ಬ್ರೇಕ್ ಒಂದು ಸನ್ನೆ, ಎರಡು ಮರದ ತುಂಡಿನ ವ್ಯವಹಾರ. ಇಂದಿನದು ಹಾಗಲ್ಲ. ಡ್ರಮ್ ತೆಗೆದು ಡಿಸ್ಕ್ ಹಾಕಿದರೆ ಅದಕ್ಕೆ ಹೆಚ್ಚಿನ ಒತ್ತಡ ಬೇಕು. ಮಾಸ್ಟರ್ ಸಿಲಿಂಡರ್ ಹೊಂದಬೇಕು, ಮುಂದಿನ ಮತ್ತು ಹಿಂದಿನ ಚಕ್ರಗಳ ಹಿಡಿತ ಸಮತೂಕವಾಗಿರಬೇಕು. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ. ಬ್ರೇಕ್ ಆಯಿಲ್ ಪೈಪಿನಲ್ಲಿ ಗಾಳಿ ಉಳಿದರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಜೊತೆಗೆ ಕಂಪನಿ ಕೊಟ್ಟ ವಿನ್ಯಾಸವನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ಬಿಚ್ಚುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಬೌಶ್ಲೋಟ್‌ನಲ್ಲಿ ಬರ್ತಾ ಕೂಡ ಚರ್ಮದ ಕೆಲಸ ಬಲ್ಲವರನ್ನೇ ಹುಡುಕಿಕೊಂಡು ಹೋದರು.

ಕೊನೆಗೂ ಬಂದ ಗೌರವ

ಕಂಪನಿಯಲ್ಲಿ ಮನಸ್ತಾಪ ಬಂದು ಕಾರ್ಲ್ 1903ರಲ್ಲಿ ಹೊರಬಂದರು. ಕುಟುಂಬ ಲಾಡೆನ್‌ಬರ್ಗ್‌ಗೆ ಹೋಗಿ ನೆಲೆಸಿ, ಮಕ್ಕಳ ಜೊತೆ ಹೊಸ ಕಂಪನಿ ನಡೆಸಿತು. 1926ರಲ್ಲಿ ಹಳೆಯ ಬೆಂಜ್ ಕಂಪನಿ ಡೈಮ್ಲರ್ ಜೊತೆ ಸೇರಿ ಡೈಮ್ಲರ್-ಬೆಂಜ್ ಆಯಿತು. 1929ರ ಏಪ್ರಿಲ್ 4ರಂದು ಕಾರ್ಲ್ ತೀರಿಕೊಂಡರು. ತಮ್ಮ ಬಾಳಿನ ನೆನಪುಗಳನ್ನು ಬರೆದಾಗ, ಎಲ್ಲರೂ ಕೈಬಿಟ್ಟ ದಿನಗಳಲ್ಲಿ ಜೊತೆಗೆ ನಿಂತವರು ಹೆಂಡತಿಯೊಬ್ಬರೇ ಎಂಬುದನ್ನು ಅವರು ಮರೆಯದೆ ದಾಖಲಿಸಿದ್ದರು.

ಬರ್ತಾ ಇನ್ನೂ 15 ವರ್ಷ ಬದುಕಿದರು. 2008ರಲ್ಲಿ ಅವರು ಹೋಗಿಬಂದ ದಾರಿಗೆ ಜರ್ಮನಿ ಅವರದೇ ಹೆಸರಿಟ್ಟು ಸ್ಮಾರಕ ಮಾರ್ಗವೆಂದು ಗುರುತಿಸಿತು. ಅವರಿದ್ದಾಗಲೇ ಸಂದ ದೊಡ್ಡ ಗೌರವವೂ ಒಂದಿದೆ. ಕಾರ್ಲ್ ಓದಿದ್ದ ಕಾರ್ಲ್ಸ್‌ರುಹೆಯ ತಾಂತ್ರಿಕ ವಿಶ್ವವಿದ್ಯಾಲಯ ಬರ್ತಾರನ್ನು ಗೌರವ ಸೆನೆಟರ್ ಮಾಡಿತು. ಹುಡುಗಿಯಾಗಿದ್ದಾಗ ಅವರಿಗೆ ಪ್ರವೇಶ ಸಿಗಲಾರದಂಥ ಜಾಗ ಅದು. ದಿನ 1944ರ ಮೇ 3, ಅಂದು ಅವರ 95ನೇ ಹುಟ್ಟುಹಬ್ಬ. ಎರಡು ದಿನಗಳ ನಂತರ, ಮೇ 5ರಂದು, ಲಾಡೆನ್‌ಬರ್ಗ್‌ನ ಮನೆಯಲ್ಲಿ ಬರ್ತಾ ಕೊನೆಯುಸಿರೆಳೆದರು.