ಎರಡಾಣೆಯ ಉಳಿತಾಯದಿಂದ ವೈದ್ಯಕೀಯ ಕಾಲೇಜಿನವರೆಗೆ

ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಶುಲ್ಕದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದಾಗಲೆಲ್ಲ ಒಂದು ಹೆಸರು ತಪ್ಪದೆ ಕೇಳಿಬರುತ್ತದೆ. ಅದು ಟಿ.ಎಂ.ಎ. ಪೈ ಅವರದು. ಅವರ ಹೆಸರಿನ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ತೀರ್ಪು ನೀಡಿತು. ಕಾನೂನಿನ ವಿದ್ಯಾರ್ಥಿಗಳಿಗೆ ಆ ಹೆಸರು ಒಂದು ತೀರ್ಪಿನ ಶೀರ್ಷಿಕೆ. ಕರಾವಳಿಯ ಹಿರಿಯರಿಗೆ ಅದು ಬರಡು ಗುಡ್ಡವೊಂದನ್ನು ವಿದ್ಯಾನಗರವಾಗಿಸಿದ ವೈದ್ಯನ ಹೆಸರು. ಈ ಎರಡರ ನಡುವೆ ಇರುವ ಜೀವನ ಮಾತ್ರ ಇಂದಿನ ತಲೆಮಾರಿಗೆ ಅಷ್ಟಾಗಿ ಪರಿಚಿತವಲ್ಲ. ಆರೋಗ್ಯ ವಿಜ್ಞಾನಗಳ ಖಾಸಗಿ ವಿಶ್ವವಿದ್ಯಾಲಯದಲ್ಲಿ ಮಕ್ಕಳನ್ನು ಓದಿಸಬೇಕೆಂದು ಹಂಬಲಿಸುವ, ಅದಕ್ಕೆ ತಗಲುವ ವೆಚ್ಚ ಕಂಡು ಬೆಚ್ಚುವ ಪ್ರತಿ ಮಧ್ಯಮವರ್ಗದ ಕುಟುಂಬವೂ ಆ ಜೀವನವನ್ನು ಒಮ್ಮೆ ಅರಿಯಬೇಕು. ಏಕೆಂದರೆ ಇಂದಿನ ವ್ಯವಸ್ಥೆಯ ಸತ್ವವೂ ಅದರ ಬಿಕ್ಕಟ್ಟೂ ಅಲ್ಲಿಯೇ ಬೀಜರೂಪದಲ್ಲಿವೆ.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿಗೆ ಸಮೀಪದ ಕಲ್ಯಾಣಪುರದಲ್ಲಿ. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದ ಪಶ್ಚಿಮದ ಅಂಚು. ವೈದ್ಯಶಿಕ್ಷಣ ಬಯಸಿದ ಹುಡುಗ ಹಲವು ನದಿಗಳನ್ನು ದೋಣಿಯಲ್ಲಿ ದಾಟಿ ಮಂಗಳೂರು ಸೇರಿ, ಅಲ್ಲಿಂದ ಪರ್ಯಾಯ ದ್ವೀಪದ ಇನ್ನೊಂದು ಅಂಚಿನಲ್ಲಿದ್ದ ಮದರಾಸಿಗೆ ರೈಲು ಹತ್ತಬೇಕಾಗಿದ್ದ ಕಾಲವದು. ಪೈ ಅವರು ಹಾಗೆಯೇ ಹೋಗಿ ಮದರಾಸಿನಲ್ಲಿ ವೈದ್ಯಪದವಿ ಪಡೆದರು. ಓದು ಮುಗಿದ ಮೇಲೆ ದೂರದ ಜಪಾನಿಗೆ ಹೋಗಿ ವೃತ್ತಿ ನಡೆಸುವ ಆಸೆ ಅವರಿಗಿತ್ತೆಂದೂ, ತಾಯಿಯ ಒತ್ತಾಯಕ್ಕೆ ಮಣಿದು ಊರಿಗೆ ಮರಳಿದರೆಂದೂ ಹೇಳುತ್ತಾರೆ. ಮರಳಿದ್ದು ಊರಿನ ಅದೃಷ್ಟ.

ಊರಿನಲ್ಲಿ ಅವರಿಗೆ ಎದುರಾದದ್ದು ಕೇವಲ ರೋಗವಲ್ಲ. ಕಾಯಿಲೆಗೆ ಔಷಧಿ ಬರೆದುಕೊಡಬಹುದು. ಆದರೆ ಹಸಿವಿನಿಂದ ಸೊರಗಿದ ದೇಹಕ್ಕೆ, ಸ್ವಚ್ಛತೆಯ ಅರಿವಿಲ್ಲದ ಮನೆಗೆ ಏನನ್ನು ಬರೆದುಕೊಡುವುದು? ಅನಾರೋಗ್ಯ, ಅನಕ್ಷರತೆ ಮತ್ತು ಬಡತನ ಒಂದನ್ನೊಂದು ಸಾಕುವ ಮೂರು ಪೀಡೆಗಳೆಂಬ ಅರಿವು ಅವರ ಇಡೀ ಜೀವನದ ಸೂತ್ರವಾಯಿತು. ಒಂದನ್ನು ಬಿಟ್ಟು ಇನ್ನೊಂದನ್ನು ಗುಣಪಡಿಸಲಾಗದು ಎಂದು ಮನಗಂಡ ಈ ವೈದ್ಯ, ವೃತ್ತಿ ಆರಂಭಿಸಿದ ದಿನಗಳಲ್ಲಿಯೇ ಬ್ಯಾಂಕೊಂದರ ಸ್ಥಾಪನೆಗೆ ಕೈಹಾಕಿದರು ಎಂಬುದು ವಿಚಿತ್ರವಾಗಿ ಕಂಡರೂ ಅದರ ಹಿಂದೊಂದು ತರ್ಕವಿತ್ತು.

ಆಗ ಕೈಮಗ್ಗದ ಉದ್ಯಮ ಸಂಕಟದಲ್ಲಿತ್ತು. ನೇಕಾರರಿಗೆ ಬಂಡವಾಳವಿರಲಿಲ್ಲ, ಅವರಿಗೆ ಸಾಲ ಕೊಡುವ ಬ್ಯಾಂಕೂ ಇರಲಿಲ್ಲ. 1925ರಲ್ಲಿ ಟಿ.ಎಂ.ಎ. ಪೈ, ಅವರ ಅಣ್ಣ ಉದ್ಯಮಿ ಉಪೇಂದ್ರ ಪೈ ಮತ್ತು ಎಂಜಿನಿಯರ್ ವಾಮನ ಕುಡ್ವ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಕೈಯಲ್ಲಿದ್ದ ಬಂಡವಾಳ 8 ಸಾವಿರ ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. 1969ರಲ್ಲಿ ರಾಷ್ಟ್ರೀಕರಣಗೊಂಡ ಈ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಅಳಿದರೂ ಅದು ನಾಡಿಗೆ ಕಲಿಸಿದ ಪಾಠವೊಂದು ಅಳಿದಿಲ್ಲ.

ಆ ಪಾಠ 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಪುಟ್ಟ ಮೊತ್ತವನ್ನೂ ಪಡೆದು ಲೆಕ್ಕಕ್ಕೆ ಬರೆಯುತ್ತಿದ್ದ. ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಅಷ್ಟು ಹಣಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತಲು ಬೀಡಿ ಕಟ್ಟುವ ಹೆಂಗಸಾಗಲಿ, ಮೀನು ಮಾರುವವಳಾಗಲಿ ಹಿಂಜರಿಯುವುದು ಸಹಜ. ಬಡವನಲ್ಲಿ ಉಳಿತಾಯದ ಶಕ್ತಿಯಿಲ್ಲ ಎಂದು ದೊಡ್ಡ ಬ್ಯಾಂಕುಗಳು ನಂಬಿದ್ದ ಕಾಲದಲ್ಲಿ, ಬಡವನಲ್ಲಿ ಇಲ್ಲದಿರುವುದು ಶಕ್ತಿಯಲ್ಲ, ಸೌಕರ್ಯ ಎಂಬುದನ್ನು ಪೈ ಸೋದರರು ತೋರಿಸಿಕೊಟ್ಟರು. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಬ್ಯಾಂಕು ನೆಲೆಗೊಂಡ ಬಳಿಕ ಅವರ ದೃಷ್ಟಿ ಶಿಕ್ಷಣದತ್ತ ಹೊರಳಿತು. ಉಡುಪಿಯಿಂದ ನಾಲ್ಕೈದು ಕಿಲೋಮೀಟರ್ ದೂರದ ಮಣಿಪಾಲ ಆಗ ಮುರಕಲ್ಲಿನ ಬೋಳುಗುಡ್ಡ. ಮಣ್ಣುಪಳ್ಳವೆಂಬ ಕೆರೆಯಿಂದ ಬಂದ ಹೆಸರದು. 1942ರಲ್ಲಿ ಅವರು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಅದರ ಆರಂಭ ವೈದ್ಯಕೀಯದಿಂದಲ್ಲ, ಕೈಕಸುಬಿನ ತರಬೇತಿಯಿಂದ ಎಂಬುದು ಗಮನಾರ್ಹ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ತೆರೆಯಿತು. ಜಿಲ್ಲೆಯ ಅನೇಕ ಮನೆಗಳಿಂದ ಮೊದಲ ಪದವೀಧರರು ಹೊರಬಂದದ್ದು ಇಂಥ ಕಾಲೇಜುಗಳಿಂದಲೇ.

ಆದರೆ ವೈದ್ಯಕೀಯ ಕಾಲೇಜು ಬೇರೆಯೇ ಮಟ್ಟದ ಸಾಹಸ. ದೇಶದ ಸ್ಥಿತಿ ಹೇಗಿತ್ತೆಂದರೆ, 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯ ಲೆಕ್ಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರಿಗೆ ಒಬ್ಬ ವೈದ್ಯನಿದ್ದ. ಆ ವೈದ್ಯರಲ್ಲಿಯೂ ಹೆಚ್ಚಿನವರು ಪಟ್ಟಣಗಳಲ್ಲಿ. ಮದರಾಸು ರಾಜ್ಯದ ಕಾಲೇಜುಗಳೆಲ್ಲ ಪೂರ್ವದ ದಿಕ್ಕಿನಲ್ಲಿದ್ದವು. ಅರಬ್ಬೀ ಸಮುದ್ರದ ಬದಿಯ ಜಿಲ್ಲೆಗಳಲ್ಲಿ ಒಂದೂ ಇರಲಿಲ್ಲ. ಹೊಸದಾಗಿ ಸ್ವತಂತ್ರಗೊಂಡ ಸರ್ಕಾರದ ಬೊಕ್ಕಸದಲ್ಲಿ ಪ್ರತಿ ಜಿಲ್ಲೆಗೂ ಕಾಲೇಜು ಕೊಡುವಷ್ಟು ಹಣವೂ ಇರಲಿಲ್ಲ. ಕ್ರೈಸ್ತ ಮಿಷನ್‌ಗಳ ಬೆಂಬಲದ ವೆಲ್ಲೂರಿನಂಥ ಸಂಸ್ಥೆಗಳನ್ನು ಬಿಟ್ಟರೆ, ಖಾಸಗಿಯವರು ವೈದ್ಯಕೀಯ ಕಾಲೇಜು ನಡೆಸಬಲ್ಲರೆಂದು ನಂಬುವವರು ವಿರಳವಾಗಿದ್ದರು.

ಪೈ ಅವರು ನಂಬಿದರು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಹಣಕ್ಕೆ ಅವರು ಕಂಡುಕೊಂಡ ದಾರಿ ಬ್ಯಾಂಕಿನ ಅನುಭವದಿಂದಲೇ ಬಂದದ್ದು. ದೊಡ್ಡ ದಾನಿಗಾಗಿ ಕಾಯುವ ಬದಲು, ಮಕ್ಕಳನ್ನು ವೈದ್ಯರನ್ನಾಗಿಸಲು ಬಯಸುವ ಕುಟುಂಬಗಳಿಂದಲೇ ವಂತಿಗೆ ಪಡೆದು ಕಟ್ಟಡ, ಪ್ರಯೋಗಾಲಯ ಮತ್ತು ಅಧ್ಯಾಪಕರ ವೇತನ ನಿಭಾಯಿಸುವುದು. ಸರ್ಕಾರದ ಅನುದಾನವಿಲ್ಲದೆ ವಿದ್ಯಾರ್ಥಿಗಳೇ ಕಾಲೇಜಿನ ಭಾರ ಹೊರುವ ಈ ಮಾದರಿ ಅಂದು ಹೊಸತು. ಇಂದು ದೇಶದಾದ್ಯಂತ ಹಬ್ಬಿರುವ ಸ್ವಹಣಕಾಸಿನ ಕಾಲೇಜುಗಳ ಮೂಲವನ್ನು ಹುಡುಕುತ್ತ ಹೋದವರು ಕೊನೆಗೆ ಈ ಗುಡ್ಡವನ್ನೇ ಹತ್ತಬೇಕಾಗುತ್ತದೆ.

ಹಣ ಕೂಡಿಸಿದರೂ ಆಸ್ಪತ್ರೆಯಿಲ್ಲದೆ ವೈದ್ಯಶಿಕ್ಷಣವಿಲ್ಲ. ಶರೀರರಚನೆ, ಶರೀರಕ್ರಿಯೆಗಳನ್ನು ತರಗತಿಯಲ್ಲಿ ಕಲಿಸಬಹುದು. ರೋಗಿಯ ನಾಡಿ ಹಿಡಿಯುವುದನ್ನು ಹಾಸಿಗೆಯ ಪಕ್ಕದಲ್ಲಿಯೇ ಕಲಿಯಬೇಕು. ಮಣಿಪಾಲದಲ್ಲಿ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲ. ಹೀಗಾಗಿ ಆರಂಭದ ತಂಡಗಳ ವಿದ್ಯಾರ್ಥಿಗಳು ಮೂಲ ವಿಷಯಗಳನ್ನು ಮಣಿಪಾಲದಲ್ಲಿ ಓದಿ, ಚಿಕಿತ್ಸಾ ವಿಷಯಗಳಿಗಾಗಿ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿಗೆ ತೆರಳಿದರು. 1955ರಿಂದ ಅಲ್ಲಿನ ವೆನ್‌ಲಾಕ್ ಮತ್ತು ಲೇಡಿ ಗೋಶನ್ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳೇ ಅವರ ಪಾಠಶಾಲೆಗಳಾದವು. ಕಾಲೇಜಿನ ಅಧ್ಯಾಪಕರು ಆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನೀಡಿದರು. ವಿದ್ಯಾರ್ಥಿಗಳು ಅಲ್ಲಿನ ಬಡ ರೋಗಿಗಳ ನಡುವೆ ಕಲಿತರು. ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವವೆಂಬ ಮಾತು ನಮ್ಮ ಆಡಳಿತದ ಭಾಷೆಗೆ ಬರುವ ದಶಕಗಳ ಮುನ್ನವೇ ಅದು ಮಂಗಳೂರಿನಲ್ಲಿ ಆಚರಣೆಯಲ್ಲಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಲೇಜು ಖಾಸಗಿಯಾಗಿದ್ದರೂ ಅದರ ಮೊದಲ ವೈದ್ಯರು ಸಿದ್ಧವಾದದ್ದು ಸಾರ್ವಜನಿಕ ಆಸ್ಪತ್ರೆಯಲ್ಲಿ. ವಂತಿಗೆ ಕೊಟ್ಟ ಕುಟುಂಬದಷ್ಟೇ, ತನ್ನ ನೋವನ್ನು ಪಾಠವಾಗಿ ಒಪ್ಪಿಸಿದ ವಾರ್ಡಿನ ಬಡರೋಗಿಯೂ ಆ ಶಿಕ್ಷಣದ ಬೆಲೆ ತೆತ್ತಿದ್ದಾನೆ. ಯಾವುದೇ ವೈದ್ಯಪದವಿ ಸಂಪೂರ್ಣವಾಗಿ ಸ್ವಂತ ಹಣದಿಂದ ಕೊಂಡದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಮುಂದಿನ ವರ್ಷಗಳಲ್ಲಿ ಗುಡ್ಡದ ಚಹರೆಯೇ ಬದಲಾಯಿತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1961ರಲ್ಲಿ ಮಣಿಪಾಲದ್ದೇ ಆದ ಕಸ್ತೂರ್ಬಾ ಆಸ್ಪತ್ರೆ, 1963ರಲ್ಲಿ ಫಾರ್ಮಸಿ, 1965ರಲ್ಲಿ ದಂತವೈದ್ಯಕೀಯ ಕಾಲೇಜು ಬಂದವು. ಕರಾವಳಿಯ ರೋಗಿಗಳಷ್ಟೇ ಅಲ್ಲ, ಮಲೆನಾಡು ಮತ್ತು ಉತ್ತರ ಕರ್ನಾಟಕದವರೂ ಚಿಕಿತ್ಸೆಗಾಗಿ ಮಣಿಪಾಲದ ಬಸ್ಸು ಹತ್ತಲಾರಂಭಿಸಿದರು. ಹೊರನಾಡುಗಳಿಂದ, ಮಲೇಷ್ಯಾದಂಥ ಹೊರದೇಶಗಳಿಂದ ವಿದ್ಯಾರ್ಥಿಗಳು ಬಂದರು. 1972ರಲ್ಲಿ ಭಾರತ ಸರ್ಕಾರ ಪೈ ಅವರಿಗೆ ಪದ್ಮಶ್ರೀ ನೀಡಿತು. 1979ರ ಮೇ 29ರಂದು ಅವರು ನಿಧನರಾದರು. ಪುತ್ರ ರಾಮದಾಸ ಪೈ ಅವರ ನೇತೃತ್ವದಲ್ಲಿ ಸಂಸ್ಥೆಗಳು ಬೆಳೆದು, 1993ರಲ್ಲಿ ಮಣಿಪಾಲ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ತನ್ನ ಪಠ್ಯಕ್ರಮವನ್ನು ತಾನೇ ರೂಪಿಸುವ, ತಾನೇ ಪದವಿ ನೀಡುವ ಅಧಿಕಾರ ಇದರಿಂದ ಲಭಿಸಿತು. ರಾಜ್ಯದ ಇತರ ವೈದ್ಯಕೀಯ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬಂದರೆ, ಪರಿಗಣಿತ ಖಾಸಗಿ ವಿಶ್ವವಿದ್ಯಾಲಯಗಳು ಬೇರೆಯೇ ಒಂದು ಸಾಲಾಗಿ ಬೆಳೆದವು.

ಮಾದರಿ ಹಬ್ಬಿದಂತೆ ಅದರ ಹಿಂದಿನ ಆಶಯವೂ ಹಬ್ಬಿತೇ? ಇಲ್ಲವೆಂದು ವಿಷಾದದಿಂದಲೇ ಹೇಳಬೇಕಾಗಿದೆ. ಎಂಬತ್ತರ ದಶಕದ ಹೊತ್ತಿಗೆ ವಂತಿಗೆಯೆಂಬುದು ಕ್ಯಾಪಿಟೇಶನ್ ಶುಲ್ಕವೆಂಬ ದಂಧೆಯಾಗಿ, ಕರ್ನಾಟಕವು ಅದನ್ನು ನಿಷೇಧಿಸಲು 1984ರಲ್ಲಿ ಕಾಯಿದೆ ತರಬೇಕಾಯಿತು. 1992ರ ಮೋಹಿನಿ ಜೈನ್ ಪ್ರಕರಣ, 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು ಸೀಟು ಮಾರಾಟಕ್ಕೆ ಅಂಕುಶ ಹಾಕಲು ಯತ್ನಿಸಿತು. 2002ರ ತೀರ್ಪು ಖಾಸಗಿಯವರಿಗೆ ಶಿಕ್ಷಣಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕನ್ನು ಎತ್ತಿಹಿಡಿದು, ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿತವಾದ ಉಳಿಕೆಗೆ ಅವಕಾಶ ನೀಡಿತು. ಲಾಭಕೋರತನವನ್ನೂ ಕ್ಯಾಪಿಟೇಶನ್ ಶುಲ್ಕವನ್ನೂ ಒಪ್ಪಲಿಲ್ಲ. ಮಿತವಾದ ಉಳಿಕೆ ಎಲ್ಲಿ ಮುಗಿಯುತ್ತದೆ, ಲಾಭಕೋರತನ ಎಲ್ಲಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ 2003 ಮತ್ತು 2005ರಲ್ಲಿ ಮತ್ತೆ ಮತ್ತೆ ಪೀಠಗಳು ಕೂಡಬೇಕಾಯಿತು. 2016ರಿಂದ ನೀಟ್ ಪರೀಕ್ಷೆ ಪ್ರವೇಶಕ್ಕೆ ಒಂದೇ ಬಾಗಿಲನ್ನು ನಿರ್ಮಿಸಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆ ಖಾಸಗಿ ಕಾಲೇಜು ಹಾಗೂ ಪರಿಗಣಿತ ವಿಶ್ವವಿದ್ಯಾಲಯಗಳ ಅರ್ಧದಷ್ಟು ಸೀಟುಗಳ ಶುಲ್ಕಕ್ಕೆ ಮಾರ್ಗಸೂಚಿ ರೂಪಿಸುವ ಹೊಣೆಯನ್ನು ಆಯೋಗಕ್ಕೆ ವಹಿಸಿತು. ಅರ್ಹತೆ ಪಡೆದೂ ಹಣವಿಲ್ಲದೆ ಸೀಟು ಬಿಡುವ, ಇಲ್ಲವೇ ಮನೆ ಅಡವಿಟ್ಟು ಓದುವ ಮಕ್ಕಳ ಸಂಕಟ ಮಾತ್ರ ಮುಗಿದಿಲ್ಲ.

ಇದಕ್ಕೆಲ್ಲ ಪೈ ಅವರನ್ನೇ ಹೊಣೆಯಾಗಿಸುವುದು ಅನ್ಯಾಯ. ಕಾಲೇಜೇ ಇಲ್ಲದ ಕರಾವಳಿಯಲ್ಲಿ ಅವರು ಕಾಲೇಜು ಕಟ್ಟಿದರು. ಅವರು ಕಟ್ಟದೆ ಇದ್ದಿದ್ದರೆ ಆ ಜಿಲ್ಲೆಗಳು ಇನ್ನೆಷ್ಟು ವರ್ಷ ಕಾಯಬೇಕಾಗಿತ್ತೋ. ಹಾಗೆಂದು ಅವರ ಮಾದರಿಯಲ್ಲಿ ಕೊರತೆಯೇ ಇರಲಿಲ್ಲ ಎನ್ನುವುದೂ ಸತ್ಯವಲ್ಲ. ಪಿಗ್ಮಿ ಠೇವಣಿಯಲ್ಲಿ ಅತ್ಯಂತ ಬಡವನೂ ಎರಡಾಣೆಯೊಂದಿಗೆ ಒಳಬರಬಹುದಿತ್ತು. ವಂತಿಗೆಯ ಕಾಲೇಜಿನಲ್ಲಿ ಹಣ ಕೂಡಿಸಬಲ್ಲವನಿಗಷ್ಟೇ ಬಾಗಿಲು ಸುಲಭವಾಗಿ ತೆರೆಯುತ್ತಿತ್ತು. ಮೊದಲನೆಯದರಲ್ಲಿ ಬಾಗಿಲು ಬಡವನ ಅಳತೆಗೆ ತಗ್ಗಿತು. ಎರಡನೆಯದರಲ್ಲಿ ಕುಟುಂಬವೇ ಬಾಗಿಲಿನ ಅಳತೆಗೆ ಏರಬೇಕಾಯಿತು. ಒಬ್ಬನೇ ವ್ಯಕ್ತಿಯ ಎರಡು ಮಹತ್ಕಾರ್ಯಗಳ ನಡುವಿನ ಈ ಅಂತರವೇ ನಮ್ಮ ಇಂದಿನ ಸಮಸ್ಯೆ.

ನಂತರ ಬಂದವರು ಅವರಿಂದ ಕಲಿತದ್ದು ಎರಡನೆಯ ಪಾಠವನ್ನು ಮಾತ್ರ. ಕಟ್ಟಡ, ಸೀಟು, ಶುಲ್ಕಗಳ ಲೆಕ್ಕ ಎಲ್ಲರಿಗೂ ಸಿದ್ಧಿಸಿತು. ಮನೆಬಾಗಿಲಿಗೆ ಹೋಗಿ ಎರಡಾಣೆ ಸ್ವೀಕರಿಸಿದ ವಿನಯ ಯಾರಿಗೂ ಬೇಕಾಗಲಿಲ್ಲ. ಅರ್ಹ ವಿದ್ಯಾರ್ಥಿ ಕಲಿಯುವಾಗ ಅಲ್ಪ ಕೊಟ್ಟು, ದುಡಿಯಲಾರಂಭಿಸಿದ ಮೇಲೆ ಕಂತುಕಂತಾಗಿ ತನ್ನ ಋಣ ತೀರಿಸುವಂತೆ. ಹಣ ಕೊಡಲಾರದವನು ಸರ್ಕಾರಿ ಆಸ್ಪತ್ರೆಯ ಸೇವೆಯ ಮೂಲಕ ತೀರಿಸುವಂತೆ ನಮ್ಮ ಖಾಸಗಿ ಆರೋಗ್ಯ ವಿಶ್ವವಿದ್ಯಾಲಯಗಳು ವ್ಯವಸ್ಥೆ ರೂಪಿಸಿದರೆ ಅದು ಪಿಗ್ಮಿಯ ತತ್ವಕ್ಕೆ ಮರಳಿದಂತೆ. ಇದಕ್ಕೆ ಬ್ಯಾಂಕು, ಸರ್ಕಾರ ಮತ್ತು ವಿಶ್ವವಿದ್ಯಾಲಯ ಒಂದೇ ಮೇಜಿನ ಸುತ್ತ ಕೂಡಬೇಕು. ನೂರು ವರ್ಷಗಳ ಹಿಂದೆ ಉಡುಪಿಯಲ್ಲಿ ಒಬ್ಬ ವೈದ್ಯ, ಒಬ್ಬ ವ್ಯಾಪಾರಿ ಮತ್ತು ಒಬ್ಬ ಎಂಜಿನಿಯರ್ ನೇಕಾರನಿಗಾಗಿ ಹಾಗೆ ಕೂಡಿದ್ದರು. ನೇಕಾರನ ಮಗಳು ವೈದ್ಯೆಯಾಗಲಿ ಎಂಬ ಕಾರಣಕ್ಕೆ ಇಂದು ಹಾಗೆ ಕೂಡುವುದು ಅಸಾಧ್ಯವೇನಲ್ಲ. ಮನಸ್ಸು ಬೇಕು, ಅಷ್ಟೇ.