ರಾಯಚೂರಿಂದ ಮಾನ್ವಿವರೆಗೆ ಓಡಿದಷ್ಟು ದೂರ: ಒಲಿಂಪಿಕ್ಸ್ ಮ್ಯಾರಥಾನ್ ಮುಗಿಸಿದ ಬೆಳಗಾವಿಯ ಫಡೆಪ್ಪ ಚೌಗುಲೆ

ರಾಯಚೂರು: ಇಲ್ಲಿಂದ ಬಸ್ ಹತ್ತಿ ಕಲ್ಲೂರು ದಾಟಿ ಮಾನ್ವಿ ಮುಟ್ಟೋದಕ್ಕೆ ಒಂದು ತಾಸಾದರೂ ಬೇಕು. ದೂರ ಹೆಚ್ಚುಕಡಿಮೆ 45 ಕಿ.ಮೀ. ಅದಕ್ಕಿಂತ ಸ್ವಲ್ಪೇ ಸ್ವಲ್ಪ ಕಡಿಮೆ ಇರುವ 42.75 ಕಿ.ಮೀ. ದೂರವನ್ನು ಬೆಳಗಾವಿಯ ಹುಡುಗನೊಬ್ಬ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದ. ನೂರು ವರ್ಷದ ಹಿಂದಿನ ಮಾತು. 1920ರ ಆಗಸ್ಟ್ 22, ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣ, ಒಲಿಂಪಿಕ್ಸ್ ಮ್ಯಾರಥಾನ್. ಹುಡುಗನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ.

ನಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿ ದಿನಾ ನಸುಕಿನಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಭರ್ತಿಗೆ ಅಂತ ಓಡೋ ಹುಡುಗರಿಗೆ ಈ ಟೈಮಿಂಗ್ ಎಂಥದ್ದು ಅಂತ ಬೇಗ ತಿಳೀತದ. ಅವರಿಗೆ 1600 ಮೀಟರ್ ಓಟ 6 ನಿಮಿಷ 30 ಸೆಕೆಂಡಿನೊಳಗೆ ಆಗಬೇಕು. ಚೌಗುಲೆ ಓಡಿದ ವೇಗದಲ್ಲಿ 1600 ಮೀಟರ್‌ಗೆ ಬೀಳೋದು ಸುಮಾರು 6 ನಿಮಿಷ 23 ಸೆಕೆಂಡು. ಅಂದ್ರೆ ಒಂದು ಸಲ ಓಡಿ ಮೊಣಕಾಲ ಮ್ಯಾಲೆ ಕೈ ಇಟ್ಟು ನಿಲ್ಲುವ ಆ ಪರೀಕ್ಷೆಯನ್ನು ಈ ಮನುಷ್ಯ ನಡುವೆ ನಿಲ್ಲದೆ 26 ಸಲ ಪಾಸು ಮಾಡಿ, ಇನ್ನೂ ಒಂದು ಕಿಲೋಮೀಟರ್ ಮೇಲೆ ಓಡಿದಂಗ. 400 ಮೀಟರ್ ಟ್ರ್ಯಾಕ್ ಆದರೆ 107 ಸುತ್ತು ಅಂತ ಲೆಕ್ಕ ಹಾಕಿಕೊಳ್ಳಿ.

ಆಗ ಬೆಳಗಾವಿ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ, ನಮ್ಮ ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. ಎರಡೂ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಂಗಾಗಿ ಫಡೆಪ್ಪನ ಹೆಸರು ಮರಾಠಿ ಕಡೆಯ ಲೆಕ್ಕದಲ್ಲಿ ಒಮ್ಮೆ, ಕನ್ನಡದ ಲೆಕ್ಕದಲ್ಲಿ ಒಮ್ಮೆ ಬರ್ತದ. ಹಿಂಗೆ ಪ್ಪ ಅಂತ ಮುಗಿಯುವ ಹೆಸರು ನಮ್ಮ ದೇವದುರ್ಗ ತಾಲ್ಲೂಕಿನ ಯಾವ ಊರಿಗೆ ಹೋದರೂ ಓಣಿಗೆ ನಾಲ್ಕು ಸಿಗ್ತಾವ. ಆತ ನಮ್ಮವನೇ ಅನ್ನೋದಕ್ಕೆ ನನಗಂತೂ ಅಷ್ಟು ಸಾಕು.

ಆತ ಒಲಿಂಪಿಕ್ಸ್‌ಗೆ ಹೋದ ದಾರಿ ಪುಣೆ ಮೇಲಿಂದ. ಅಲ್ಲಿ 1906ರಲ್ಲಿ ಶುರುವಾದ ಡೆಕ್ಕನ್ ಜಿಮ್ಖಾನಾ ಅನ್ನೋ ಕ್ರೀಡಾ ಸಂಸ್ಥೆ ಇತ್ತು. ಅದಕ್ಕೆ ಅಧ್ಯಕ್ಷರು ಸರ್ ದೊರಾಬ್ಜಿ ಟಾಟಾ, ಜೆಮ್ಷೆಡ್‌ಜಿ ಟಾಟಾರ ಹಿರಿಯ ಮಗ. 1919ರ ಸುಮಾರಿಗೆ ಅಲ್ಲಿ ನಡೆದ ಓಟದ ಸ್ಪರ್ಧೆ ನೋಡಿ ದೊರಾಬ್ಜಿ ಬೆರಗಾದರು. ಓಡಿದವರು ಬಹುಪಾಲು ರೈತರ ಮಕ್ಕಳು. ಕಾಲಲ್ಲಿ ಬೂಟಿಲ್ಲ, ತರಬೇತಿ ಅಂದರೇನು ಅಂತ ಹೇಳಿಕೊಡೋರಿಲ್ಲ, ಸ್ಪರ್ಧೆಯ ನಿಯಮಗಳೂ ಗೊತ್ತಿಲ್ಲ. ಆದರೂ ಅವರ ಟೈಮು ಯುರೋಪಿನ ಓಟಗಾರರಿಗೆ ಹತ್ತಿರ ಹತ್ತಿರ ಬರ್ತಿತ್ತು. ಮುಂಬೈ ಗವರ್ನರ್ ಲಾಯ್ಡ್ ಅವರನ್ನೂ ಜೊತೆ ಮಾಡಿಕೊಂಡು, ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ತಂಡ ಕಳಿಸುವ ಕೆಲಸಕ್ಕೆ ದೊರಾಬ್ಜಿ ಕೈ ಹಾಕಿದರು. ತಮ್ಮ ಜೇಬಿನಿಂದಲೂ ರೊಕ್ಕ ಕೊಟ್ಟರು. ಇವತ್ತಿನ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದು 1927ರಲ್ಲಿ, ಅದರ ಮೊದಲ ಅಧ್ಯಕ್ಷರೂ ಇವರೇ.

ಹೋದವರು ಆರು ಮಂದಿ. ದೂರದ ಓಟಕ್ಕೆ ಚೌಗುಲೆ, ಸದಾಶಿವ ದಾತಾರ್, ಕೈಕಾಡಿ. ಸಣ್ಣ ಓಟಕ್ಕೆ ಬಂಗಾಳದ ಪೂರ್ಮಾ ಬ್ಯಾನರ್ಜಿ. ಕುಸ್ತಿಗೆ ಕುಮಾರ್ ನವಲೆ, ರಣಧೀರ್ ಶಿಂಧೆ. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ನಾರ್ಮನ್ ಪ್ರಿಚರ್ಡ್ ಒಬ್ಬನೇ ಓಡಿದ್ದು ಬಿಟ್ಟರೆ, ಭಾರತದ್ದು ಅಂತ ಹೇಳಿಕೊಳ್ಳುವ ಮೊದಲ ತಂಡ ಇದೇ. ಹಡಗಿನಲ್ಲಿ ಹೋದರು. ಇವರಲ್ಲಿ ಪದಕದ ಹತ್ತಿರ ಹೋದಾತ ಶಿಂಧೆ, ಕುಸ್ತಿಯಲ್ಲಿ ನಾಲ್ಕನೇ ಸ್ಥಾನ. ಚೌಗುಲೆ 10,000 ಮೀಟರ್ ಓಟಕ್ಕೂ ಇಳಿದಿದ್ದ, ಆದರೆ ಮೊದಲ ಸುತ್ತು ದಾಟಲಿಲ್ಲ.

ಮ್ಯಾರಥಾನ್ ದಿನ ಮಳೆ, ಥಂಡಿ. ನಮ್ಮ ಬಿಸಿಲ ಕಡೆಯವರಿಗೆ ಅದು ಅನುಕೂಲವೋ ಅನಾನುಕೂಲವೋ, ಓಡಿದವರೇ ಹೇಳಬೇಕು. ಆಗ ಮ್ಯಾರಥಾನ್ ದೂರ ಇಂತಿಷ್ಟೇ ಅಂತ ಗಟ್ಟಿಯಾಗಿರಲಿಲ್ಲ, 42.195 ಕಿ.ಮೀ. ಅಂತ ನಿಗದಿ ಆಗಿದ್ದು 1921ರಲ್ಲಿ. ಆಂಟ್‌ವರ್ಪ್‌ನಲ್ಲಿ ಅಳತೆ 42.75 ಕಿ.ಮೀ. ಇತ್ತು, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್. ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ಓಡಿಸಿಬಿಟ್ಟರು.

ಹೊರಟವರು 48 ಮಂದಿ. ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್, 2 ಗಂಟೆ 32 ನಿಮಿಷ 35 ಸೆಕೆಂಡು. ಆತ 1912ರಲ್ಲೇ ಮೂರು ಚಿನ್ನ ಗೆದ್ದ ಹುಲಿ. ಎಸ್ಟೋನಿಯಾದ ಯೂರಿ ಲೊಸ್ಮನ್ ಬರೀ 13 ಸೆಕೆಂಡು ಹಿಂದೆ. ಮೂರನೆಯವನು ಇಟಲಿಯ ವಲೇರಿಯೋ ಅರ್ರಿ, ಅಷ್ಟು ದೂರ ಓಡಿ ಬಂದ ಮೇಲೂ ಖುಷಿಗೆ ಲಾಗ ಹೊಡೆದ! ಹತ್ತಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ಬಿಟ್ಟರು, ಅದರಲ್ಲಿ ನಮ್ಮ ದಾತಾರ್ ಒಬ್ಬರು. ಚೌಗುಲೆ ಬಿಡಲಿಲ್ಲ. ಗೆದ್ದವನಿಗಿಂತ 18 ನಿಮಿಷ ತಡವಾಗಿ ಬಂದ, ಆದರೆ 19ನೆಯವನಾಗಿ ಬಂದ. ಕಿಲೋಮೀಟರಿಗೆ ಸರಾಸರಿ 4 ನಿಮಿಷ, ಗಂಟೆಗೆ 15 ಕಿ.ಮೀ. ಸೈಕಲ್ ಮೇಲೆ ಅವಸರ ಇಲ್ಲದೆ ಹೋಗುವ ಮನುಷ್ಯನ ಪಕ್ಕಕ್ಕೇ ಮೂರು ತಾಸು ಓಡಿದಂಗ.

ಬರಿಗಾಲಿನ ಓಟದ ಕತಿ ಓದಿ ಯಾರೂ ಬರಿಗಾಲಲ್ಲಿ ರಸ್ತೆಗಿಳೀಬ್ಯಾಡ್ರಿ ಅಂತ ಇಲ್ಲಿ ಒಂದು ಮಾತು ಸೇರಿಸಬೇಕು. ಆಗಿನದ್ದು ಮಣ್ಣಿನ ದಾರಿ. ಈಗಿನದ್ದು ಡಾಂಬರು, ಒಡೆದ ಬಾಟ್ಲಿ ಗಾಜು, ಬದಿಗೆ ಇಳಿದರೆ ಜಾಲಿ ಮುಳ್ಳು. ದುಬಾರಿ ಶೂ ಬೇಕಂತೇನಿಲ್ಲ, ಆದರೆ ಅಳತೆ ಸರಿ ಇರಬೇಕು. ಸಂಜಿ ಹೊತ್ತಿಗೆ ಕಾಲು ಸ್ವಲ್ಪ ಊದಿರ್ತದ, ಆಗ ಹೋಗಿ ತಗೋಬೇಕು, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬಿಟ್ಟು. 500ರಿಂದ 800 ಕಿ.ಮೀ. ಓಡಿದ ಮೇಲೆ ಅಡಿ ಸವೆದು ಹೋಗ್ತದ. ದಿನಕ್ಕೆ 5 ಕಿ.ಮೀ. ಓಡೋರಿಗೆ ಅದು ನಾಲ್ಕೈದು ತಿಂಗಳ ಬಾಳಿಕೆ. ಶೂ ಅಂಗಡಿಯವರು ಇದನ್ನ ಗಿರಾಕಿಗೆ ಹೇಳಿ ಕೊಟ್ಟರೆ ಗಿರಾಕಿ ತಿರುಗಿ ಬರ್ತಾನ.

ಇನ್ನು ಮಾನ್ವಿ ರಸ್ತೆ, ದೇವದುರ್ಗ ರಸ್ತೆ ಮೇಲೆ ಕತ್ತಲಲ್ಲಿ ಓಡೋರ ವಿಷಯ. ಭತ್ತದ ಲಾರಿ, ಹತ್ತಿ ಗಾಡಿಗಳ ಡ್ರೈವರಿಗೆ ಕಪ್ಪು ಟೀ ಶರ್ಟ್ ಹಾಕಿದ ಹುಡುಗ ಕಾಣೋದಿಲ್ಲ. ಬಿಳಿ ಇಲ್ಲವೇ ಹಳದಿ ಅಂಗಿ ಹಾಕ್ಕೊಂಡು, ರಸ್ತೆ ಬಲಕ್ಕೆ, ಎದುರು ಬರೋ ಗಾಡಿ ಕಣ್ಣಿಗೆ ಕಾಣುವಂಗ ಓಡಬೇಕು. ಕಿವಿಗೆ ಇಯರ್‌ಫೋನ್ ಬ್ಯಾಡ. ಬ್ಯಾಸಗಿಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟ್ತದ, ಹೊತ್ತು ಏರೋದರೊಳಗೆ ಮನೆ ಸೇರಬೇಕು. ನೀರಿನ ವಿಷಯದಲ್ಲಿ ಹಿಂದಿನ ಕಾಲದವರು ದಡ್ಡರೇ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಸುಡು ಬಿಸಿಲಿದ್ದರೂ ಬೇಕಂತಲೇ ಓಟಗಾರರಿಗೆ ನೀರು ಕಡಿಮೆ ಕೊಟ್ಟಿದ್ದರು. ಈಗ ಆ ಹುಚ್ಚಾಟ ಬ್ಯಾಡ, ತಾಸಿಗಿಂತ ಹೆಚ್ಚು ಓಡಿದರೆ ಉಪ್ಪು ಸಕ್ಕರೆ ನೀರು ಬೇಕೇ ಬೇಕು. ತಲೆ ಸುತ್ತಿದರೆ, ಮೈಯೆಲ್ಲ ಥಂಡಿ ಹತ್ತಿದಂಗಾದರೆ ಅಲ್ಲೇ ನಿಲ್ಲಬೇಕು, ನೆರಳಿಗೆ ಹೋಗಬೇಕು. ಭರ್ತಿ ದಿನಾಂಕ ಹತ್ತಿರ ಬಂತು ಅಂತ ಒಮ್ಮಿಂದೊಮ್ಮೆಲೆ ದೂರ ಹೆಚ್ಚಿಸಿ ಮೊಣಕಾಲು ಕೆಡಿಸ್ಕೊಂಡ ಹುಡುಗರು ನಮ್ಮ ಊರಾಗೇ ಅದಾರ. ವಾರಕ್ಕೆ ಹತ್ತಕ್ಕೆ ಒಂದು ಪಾಲು ಮಾತ್ರ ಹೆಚ್ಚಿಸಬೇಕು.

ಮತ್ತೆ ಫಡೆಪ್ಪನ ಕಡೆ. ಒಲಿಂಪಿಕ್ಸ್ ಮ್ಯಾರಥಾನ್ ಮುಗಿಸಿದ ಮೊದಲ ಭಾರತೀಯ ಅಂತ ಎಷ್ಟೋ ಕಡೆ ಸೂರತ್ ಸಿಂಗ್ ಮಾಥುರ್ ಹೆಸರು ಬರೀತಾರ. ಅವರು ದೊಡ್ಡ ಓಟಗಾರರೇ, ಅದರಲ್ಲಿ ಎರಡು ಮಾತಿಲ್ಲ. 1952ರ ಹೆಲ್ಸಿಂಕಿಯಲ್ಲಿ 2 ಗಂಟೆ 58 ನಿಮಿಷಕ್ಕೆ ಮುಗಿಸಿ 52ನೆಯವರಾದರು, ಸ್ವತಂತ್ರ ಭಾರತದ ಲೆಕ್ಕಕ್ಕೆ ಅವರೇ ಮೊದಲು. ಆದರೆ ಅವರಿಗಿಂತ 32 ವರ್ಷ ಮುಂಚೆ, ಅವರಿಗಿಂತ ಉದ್ದದ ದಾರಿಯನ್ನು, ಅವರಿಗಿಂತ 7 ನಿಮಿಷ ಬೇಗ ಓಡಿ ಮುಗಿಸಿದ್ದು ಬೆಳಗಾವಿಯ ಚೌಗುಲೆ. ಸ್ಪರ್ಧಾ ಪರೀಕ್ಷೆಗೆ ಓದುತ್ತಿರುವವರು ಈ ಎರಡೂ ಹೆಸರು ಬರೆದಿಟ್ಟುಕೊಳ್ಳೋದು ಒಳ್ಳೇದು.

ಆತನ 19ನೇ ಸ್ಥಾನವನ್ನು ಮೀರಿಸಲು ಭಾರತಕ್ಕೆ 56 ವರ್ಷ ಬೇಕಾಯ್ತು. 1976ರ ಮಾಂಟ್ರಿಯಲ್‌ನಲ್ಲಿ ಬಿಹಾರದ ಶಿವನಾಥ್ ಸಿಂಗ್ 11ನೆಯವರಾಗಿ ಬಂದರು. ಅವರೂ ಬರಿಗಾಲಲ್ಲಿ ಓಡಿಯೇ ಹೆಸರಾದವರು.